ಶರೀಫರ ಪದ ಎಲ್ಲಿ ನಿಲ್ಲಬೇಕು?

ಕಬ್ಬಿನ ಹಂಗಾಮು ಶುರುವಾದರೆ ಮಹಾಲಿಂಗಪುರದ ರಸ್ತೆಗಳಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರುಗಳ ಸಾಲು. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಮುಂದೆ ಚಾಲಕನ ಪಕ್ಕದಲ್ಲಿ ಕಟ್ಟಿದ ಸ್ಪೀಕರು. ಸಮೀರವಾಡಿ ಕಾರ್ಖಾನೆಯ ಕಡೆ ಹೊರಟಿದ್ದ ಅಂಥದೊಂದು ಟ್ರ್ಯಾಕ್ಟರಿನಿಂದ ಒಂದು ಸೋಮವಾರ ರಾತ್ರಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕೇಳಿಸಿತು. ರಾಕ್ ಗಾಯಕ ರಘು ದೀಕ್ಷಿತರ ದನಿ. ನಾನು ಆಗ ಓಣಿಯ ಗುಡಿಯ ಕಟ್ಟೆಯ ಮೇಲೆ ಭಜನಿಯಲ್ಲಿ ಕೂತಿದ್ದೆ. ಡಗ್ಗಾ ಬಾರಿಸುತ್ತಿದ್ದ ಹಿರಿಯರು ಕೈ ತಡೆದು, ‘ಪದಾ ಕೆಡಿಸ್ಯಾರ ನೋಡ್ರಿ’ ಅಂದರು. ಟ್ರ್ಯಾಕ್ಟರು ದಾಟಿ ಹೋಯಿತು. ಅವರ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಆ ರಾಕ್ ಹಾಡನ್ನು ಮತ್ತೆ ಮತ್ತೆ ಕೇಳಿದ ಮೇಲೆ ಹೇಳುತ್ತೇನೆ, ಪದ ಕೆಟ್ಟಿಲ್ಲ. ಆದರೆ ಅದರೊಳಗಿನದು ಏನೋ ಒಂದು ಕಳೆದಿದೆ. ಅದು ಯಾವುದು ಎಂಬುದನ್ನು ಹಿರಿಯರಿಗೂ ಹುಡುಗರಿಗೂ ಹೇಳಬೇಕು ಅನಿಸಿದೆ.

ಕೆಟ್ಟಿದೆ ಎನ್ನಲು ಮೊದಲೊಂದು ಮೂಲ ಬೇಕಲ್ಲ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಶಿಗ್ಗಾವಿ ಸೀಮೆಯ ಶಿಶುವಿನಹಾಳದಲ್ಲಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ, ಕಣ್ಣಿಗೆ ಬಿದ್ದದ್ದರ ಮೇಲೆ ಪದ ಕಟ್ಟಿ ಹಾಡಿದರು. ಸೋರುವ ಮಾಳಿಗೆ ಕಂಡರೆ ಅದರ ಮೇಲೆ, ಗುಡುಗುಡಿ ಕಂಡರೆ ಅದರ ಮೇಲೆ. ಸ್ವರ ಬರೆದಿಡುವವರು ಆಗ ಯಾರಿದ್ದರು? ಪದ ಬಾಯಿಂದ ಬಾಯಿಗೆ ಬಂತು, ಧಾಟಿ ಊರಿಂದ ಊರಿಗೆ ಬದಲಾಯಿತು. ಇಂದು ಬಹಳ ಜನ ‘ಮೂಲ ಧಾಟಿ’ ಎಂದು ನೆನೆಯುವುದು ಸಿ. ಅಶ್ವಥ್ ಅವರ ಸಂಯೋಜನೆಯನ್ನು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಶರೀಫರ ಪದಗಳು ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಮನೆಮನೆಗೂ ಮುಟ್ಟಿದವು. ಅಶ್ವಥ್ ಮಾಡಿದ್ದು ದೊಡ್ಡ ಕೆಲಸ. ಆದರೂ ಅದು ತತ್ವಪದವನ್ನು ಭಾವಗೀತೆಯ ಪಡಸಾಲೆಗೆ ಕರೆದು ಕೂಡಿಸಿದ ಕೆಲಸ. ಅಲ್ಲಿ ಒಬ್ಬ ಹಾಡುತ್ತಾನೆ, ಉಳಿದವರು ಸುಮ್ಮನೆ ಕೇಳುತ್ತಾರೆ. ಭಜನಿಯಲ್ಲಿ ಸುಮ್ಮನೆ ಕೇಳುವವರೇ ಇರುವುದಿಲ್ಲ. ಮುಂದಿನವರು ಒಂದು ನುಡಿ ಎತ್ತಿಕೊಟ್ಟರೆ ಕೂತವರೆಲ್ಲ ಅದನ್ನು ಹಿಡಿದು ಹೇಳಬೇಕು, ತಾಳ ಕೈಯಲ್ಲಿದ್ದವರು ಬಡಿಯಬೇಕು, ಇಲ್ಲದವರು ಚಪ್ಪಾಳೆ ತಟ್ಟಬೇಕು.

ರಘು ದೀಕ್ಷಿತರು ಇಲ್ಲಿ ಗೆದ್ದಿದ್ದಾರೆ. ಮೈಸೂರಿನವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಹತ್ತುತ್ತಾರೆ. 2008ರ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಈ ಗುಡುಗುಡಿಯನ್ನು ಇಟ್ಟರು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಹಾಡಿದರು. ಕನ್ನಡ ಬಾರದ ಊರುಗಳಲ್ಲೂ ಅವರು ಸಭಿಕರಿಗೆ ಪಲ್ಲವಿ ಕಲಿಸಿ, ತಾವು ಎತ್ತಿಕೊಟ್ಟು, ಅವರಿಂದ ಹೇಳಿಸುತ್ತಾರೆ. ಇದು ಭಜನಿಯ ಪದ್ಧತಿಯೇ. ಕ್ಯಾಸೆಟ್ಟು ಕಿತ್ತುಕೊಂಡಿದ್ದ ಹಿಮ್ಮೇಳವನ್ನು ರಾಕ್ ಜನರಿಗೆ ಮರಳಿ ಕೊಟ್ಟಿದೆ. ಗುಡುಗುಡಿಯ ಲಯದಲ್ಲಿ ಮೈ ಕುಣಿಸುವ ಕಸುವಿದೆ. ಪಿಟೀಲು ಪದದ ಬೆನ್ನು ಹತ್ತಿ ಓಡುತ್ತದೆ, ಬೇಸ್ ಗಿಟಾರು ನಮ್ಮ ಡಗ್ಗಾದ ಹಾಗೆ ಹೊಟ್ಟೆಯಲ್ಲಿ ಕೇಳಿಸುತ್ತದೆ. ನಮ್ಮ ಸೀಮೆಯ ಮಾತನ್ನು ಮೈಸೂರಿನ ನಾಲಿಗೆ ಆಡುತ್ತಿದೆ ಎಂಬುದು ಗೊತ್ತಾಗುತ್ತದೆ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಕಳೆದದ್ದು ನಿಲುಗಡೆ. ಭಜನಿಯಲ್ಲಿ ಪದ ಓಡುತ್ತ ಓಡುತ್ತ ನಡುವೆ ನಿಲ್ಲುತ್ತದೆ. ತಾಳ ನಿಂತಾಗ ಯಾರಾದರೊಬ್ಬರು, ‘ಇಲ್ಲಿ ಗುಡುಗುಡಿ ಅಂದ್ರ ಏನಪಾ?’ ಎಂದು ಕೇಳುತ್ತಾರೆ. ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು ಒಪ್ಪುವುದಿಲ್ಲ. ಸೇದುವ ಸಾಮಾನಿನ ಹೆಸರು ಹಿಡಿದು ದೇಹ, ಮನಸ್ಸು, ಬುದ್ಧಿಗಳ ಮಾತಾಡುವ ಪದವಿದು. ಗುಡುಗುಡಿಯನ್ನೇ ಕಾಣದ ಇಂದಿನ ಹುಡುಗನಿಗೆ ಅರ್ಥ ಬಿಡಿಸದೆ ಹೋದರೆ ನಶೆಯ ಹಾಡಾಗಿಯೇ ಉಳಿಯುತ್ತದೆ. ಶರೀಫರು ಹೇಳಿದ್ದು ಒಳಗಿನ ರೋಗ ಕಳೆಯುವ ಬಗೆ. ರಾಕ್ ಹಾಡಿನಲ್ಲಿ ಆ ತಡೆತವಿಲ್ಲ. ಒಂದು ನುಡಿ ಮುಗಿಯುತ್ತಿದ್ದಂತೆ ವಾದ್ಯಗಳು ಏರುತ್ತವೆ, ಮತ್ತೆ ಪಲ್ಲವಿ ಬರುತ್ತದೆ. ಕಾವು ಹೆಚ್ಚುತ್ತ ಹೋದಂತೆ ಒಡಪು ಹಿಂದೆ ಬೀಳುತ್ತದೆ.

ನಮ್ಮ ಸೀಮೆಯ ಕಿವಿಗೆ ಇದು ಬೇಗ ತಾಗುತ್ತದೆ. ನಾವು ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರು. ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ತಂದ ಆಟ ಅದು. ಅಲ್ಲಿ ಪದ ಮುಗಿದ ಕೂಡಲೇ ಭಾಗವತ ಪಾತ್ರವನ್ನು ಮಾತಿಗೆ ಎಳೆಯುತ್ತಾನೆ. ಹಾಡಿದ್ದನ್ನು ಕೆದಕಿ, ಎದುರು ಪ್ರಶ್ನೆ ಹಾಕಿ, ನಗಿಸಿ, ಕೂತ ರೈತನಿಗೆ ತಿಳಿಯುವಂತೆ ಬಿಡಿಸುತ್ತಾನೆ. ಹಾಡಿನಷ್ಟೇ ಕಲೆ ಆ ಮಾತಿನಲ್ಲೂ ಇದೆ. ಗೊಲ್ಲತಿಯ ಪ್ರಸಂಗದಲ್ಲಿ ಮಾತನ್ನು ತೆಗೆದುಬಿಟ್ಟು ಬರೀ ಪದ ಹಾಡಿದರೆ ನಮ್ಮ ಮಂದಿ ಬೆಳಗಿನ ತನಕ ಕೂಡುವುದಿಲ್ಲ.

ಇಂಥ ಕಥೆ ನಮ್ಮದೊಂದೇ ಅಲ್ಲ. ಮೆಕ್ಸಿಕೊದ ವೆರಾಕ್ರೂಸ್ ಸೀಮೆಯಲ್ಲಿ ‘ಲಾ ಬಂಬಾ’ ಎಂಬ ಹಳೆಯ ಪದವಿದೆ. ಹರಾನಾ ಎಂಬ ಸಣ್ಣ ಗಿಟಾರುಗಳ ನಾದಕ್ಕೆ, ಮರದ ಹಲಗೆಯ ಮೇಲೆ ಕಾಲು ಬಡಿದು ಕುಣಿಯುತ್ತ, ನಿಂತಲ್ಲೇ ಹೊಸ ನುಡಿ ಕಟ್ಟುತ್ತ ರಾತ್ರಿಯಿಡೀ ಹಾಡುತ್ತಾರೆ. ಮದುವೆಯಲ್ಲಿ ಜೋಡಿಯೊಂದು ಉದ್ದನೆಯ ರಿಬ್ಬನ್ನನ್ನು ಕಾಲಿನಿಂದಲೇ ಗಂಟು ಹಾಕುವುದೂ ಉಂಟು. 1958ರಲ್ಲಿ ಕ್ಯಾಲಿಫೋರ್ನಿಯಾದ ಹದಿನೇಳರ ಹುಡುಗ ರಿಚಿ ವ್ಯಾಲೆನ್ಸ್ ಅದನ್ನು ಎರಡು ನಿಮಿಷದ ರಾಕ್ ಹಾಡು ಮಾಡಿದ. ಮರುವರ್ಷ ಫೆಬ್ರುವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ. 1987ರಲ್ಲಿ ಲಾಸ್ ಲೋಬೋಸ್ ತಂಡ ಅದೇ ಹಾಡನ್ನು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಒಯ್ದಿತು. ಲೋಕಕ್ಕೆಲ್ಲ ಗೊತ್ತಿರುವುದು ಆ ಎರಡೇ ನಿಮಿಷ. ಆದರೆ ವೆರಾಕ್ರೂಸ್‌ನ ಹಲಗೆ ಸುಮ್ಮನಾಗಲಿಲ್ಲ. 1970ರ ದಶಕದ ಕೊನೆಗೆ ಮೊನೊ ಬ್ಲಾಂಕೊ ಎಂಬ ತಂಡದ ತರುಣರು ಹಳ್ಳಿಯ ಮುದುಕರ ಹತ್ತಿರ ಕೂತು ಕಲಿತರು, ಮಕ್ಕಳಿಗೆ ಹರಾನಾ ಹಿಡಿಯಲು ಕಲಿಸಿದರು, ಕುಣಿತದ ರಾತ್ರಿಗಳನ್ನು ಮತ್ತೆ ಕೂಡಿಸಿದರು. ರಾಕ್ ಹಾಡನ್ನು ಬೈದು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಹಾಗಾಗಿ ದೀಕ್ಷಿತರ ಗುಡುಗುಡಿಯನ್ನು ನಾನು ಒಳ್ಳೆಯ ಹಾಡೆಂದೇ ಎಣಿಸುತ್ತೇನೆ, ಪೂರ್ತಿ ತತ್ವಪದವೆಂದು ಎಣಿಸುವುದಿಲ್ಲ. ಗಿಟಾರು ಹಿಡಿದು ಶರೀಫರನ್ನು ಹಾಡುವ ಮುಂದಿನ ತಂಡಗಳು ಒಂದೇ ಒಂದು ನುಡಿಯ ಹತ್ತಿರ ವಾದ್ಯ ನಿಲ್ಲಿಸಿ, ಎದುರಿಗಿದ್ದವರ ಜೊತೆ ಮಾತಾಡಿ ನೋಡಲಿ. ಟ್ರ್ಯಾಕ್ಟರಿನಲ್ಲಿ ಆ ಹಾಡು ಹಚ್ಚಿಕೊಂಡು ಹೋದ ತಮ್ಮನಿಗೂ ನನ್ನದೊಂದು ವಿನಂತಿ: ಕಬ್ಬು ಇಳಿಸಿ ಬಂದ ಮೇಲೆ ಒಂದು ಸೋಮವಾರ ಗುಡಿಯ ಕಟ್ಟೆಗೆ ಬಾ. ಪಲ್ಲವಿ ನಿನಗೆ ಆಗಲೇ ಬಾಯಿಪಾಠವಿದೆ, ನಮ್ಮ ಹಿಮ್ಮೇಳದಲ್ಲಿ ದನಿ ಕಡಿಮೆ ಬಿದ್ದಿವೆ.