ತಾತ ಬರೆದಿಟ್ಟ ಉಯಿಲು

ತಾನು ಹೋದ ಮೇಲೆ ಮನೆಯವರು ತನ್ನನ್ನು ಹೇಗೆ ನೆನೆಯಬೇಕೆಂದು ಶೋಲೆಮ್ ಅಲೇಖೆಮ್ ಬರೆದಿಟ್ಟ ಉಯಿಲಿನಷ್ಟು ಅಕ್ಕರೆಯ ಕಾಗದ ನಾನು ಓದಿದ್ದು ಕಡಿಮೆ. ಯಿದ್ದಿಷ್ ಭಾಷೆಯ ಈ ದೊಡ್ಡ ಕತೆಗಾರರು ಹುಟ್ಟಿದ್ದು 1859ರಲ್ಲಿ, ಇಂದಿನ ಉಕ್ರೇನಿನಲ್ಲಿ. 1915ರಲ್ಲಿ ಮಗ ಮಿಶಾ ಕೋಪನ್‌ಹೇಗನ್ನಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಅಪ್ಪ ಇದ್ದದ್ದು ದೂರದ ನ್ಯೂಯಾರ್ಕಿನಲ್ಲಿ. ಉಯಿಲು ಬರೆದದ್ದು ಆ ಸಂಕಟದ ನಡುವೆಯೇ.

ತನ್ನನ್ನು ಸಿರಿವಂತರ ಸಾಲಿನಲ್ಲಲ್ಲ, ದುಡಿಯುವ ಜನರ ನಡುವೆ ಹೂಳಬೇಕು ಎಂದು ಅದರಲ್ಲಿದೆ. ತೀರಿಕೊಂಡ ತಂದೆಗಾಗಿ ಗಂಡುಮಕ್ಕಳು ಕದ್ದಿಶ್ ಪ್ರಾರ್ಥನೆ ಹೇಳುವುದು ಯಹೂದಿ ಸಂಪ್ರದಾಯ. ಅವರಿಗೆ ಮನಸ್ಸಾಗಲಿ ಬಿಡುವಾಗಲಿ ಇಲ್ಲದಿದ್ದರೆ, ಹೆಣ್ಣುಮಕ್ಕಳು, ಮೊಮ್ಮಕ್ಕಳು, ಗೆಳೆಯರ ಜೊತೆ ಕೂತು ಈ ಉಯಿಲನ್ನೂ ತನ್ನದೊಂದು ನಗೆಯ ಕತೆಯನ್ನೂ ಓದಿದರೆ ಸಾಕು, ಅದೂ ಅವರವರಿಗೆ ತಿಳಿಯುವ ಭಾಷೆಯಲ್ಲಿ ಎನ್ನುತ್ತಾರೆ. ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿಕೊಂಡ ಈ ಮಾತು ನನಗೆ ಬಲು ಇಷ್ಟ.

1916ರ ಮೇ 13ರಂದು ಅವರು ತೀರಿಕೊಂಡರು. ಅಂತಿಮಯಾತ್ರೆಗೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆಗ ಮೊಮ್ಮಗಳು ಬೆಲ್ ಕಾಫ್‌ಮನ್‌ಗೆ ಐದು ವರ್ಷ. ನೀನು ನನ್ನ ಕೈಯನ್ನು ಬಿಗಿಯಾಗಿ ಹಿಡಿದಷ್ಟೂ ನಾನು ಚೆನ್ನಾಗಿ ಬರೆಯುತ್ತೇನೆಂದು ತಾತ ಹೇಳುತ್ತಿದ್ದರಂತೆ. ಮುಂದೆ ಆಕೆಯೂ ಹೆಸರಾಂತ ಕಾದಂಬರಿಕಾರ್ತಿಯಾದರು. 103 ವರ್ಷ ಬಾಳಿದ ಆಕೆ, ಉಯಿಲು ಕೋರಿದಂತೆ ನ್ಯೂಯಾರ್ಕಿನಲ್ಲಿ ವರ್ಷವರ್ಷವೂ ನಡೆಯುತ್ತಿದ್ದ ಓದಿನ ಸಂಜೆಯನ್ನು ಮುಪ್ಪಿನಲ್ಲೂ ಮುನ್ನಡೆಸಿದರು.