ಸರ್ವರೋಗಕ್ಕೂ ‘ಪ್ಯಾಕ್ಡ್’ ಮದ್ದು

ಲಿನಕ್ಸ್ ಕರ್ನಲ್‌ನಲ್ಲಿ ಸ್ಟ್ರಕ್ಟ್‌ನಿಂದ ಪ್ಯಾಡಿಂಗ್ ತೆಗೆಯೆಂದು ಕಂಪೈಲರ್‌ಗೆ ಹೇಳುವ ‘ಪ್ಯಾಕ್ಡ್’ ಎಂಬ ಒಂದು ಪದ ಎಷ್ಟು ಹೆಸರು ಮಾಡಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಅಧಿಕಪ್ರಸಂಗ ಅನ್ನಿಸುತ್ತದೆ. ಸ್ಪಾರ್ಕ್ ಯಂತ್ರದಲ್ಲಿ ಡ್ರೈವರ್ ಕುಸಿಯಿತೇ? ಸ್ಟ್ರಕ್ಟ್‌ಗೆ ಪ್ಯಾಕ್ಡ್ ಹಾಕಿ. 32 ಬಿಟ್ ಪ್ರೋಗ್ರಾಮಿಗೂ 64 ಬಿಟ್ ಕರ್ನಲ್‌ಗೂ ಸ್ಟ್ರಕ್ಟ್‌ನ ಗಾತ್ರ ತಾಳೆಯಾಗುತ್ತಿಲ್ಲವೇ? ಅದಕ್ಕೂ ಪ್ಯಾಕ್ಡ್. ಅಲೈನ್‌ಮೆಂಟ್ ತಕರಾರುಗಳಿಗೆ ಇದು ಪರಿಹಾರವೆಂದು ಬಹಳ ಮಂದಿ ನಂಬಿದ್ದಾರೆ. ನನ್ನ ಮಟ್ಟಿಗೆ ಅದು, ಹೆಚ್ಚಿನ ಸಲ, ತಕರಾರನ್ನು ಕಣ್ಣಿಗೆ ಬೀಳದಂತೆ ಮಾಡುವ ಉಪಾಯ.

ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡೋಣ. ಡಿಸ್ಕ್‌ನ ಮೇಲಿರುವ ಜಿಪಿಟಿ ಹೆಡರ್‌ನ ಫೀಲ್ಡ್‌ಗಳನ್ನು ಕೂಡಿದರೆ 92 ಬೈಟ್. 64 ಬಿಟ್ ಕಂಪೈಲರ್ ತನ್ನ ಪಾಡಿಗೆ ತಾನು ಅದರ ಕೊನೆಗೆ 4 ಬೈಟ್ ಪ್ಯಾಡಿಂಗ್ ಸೇರಿಸಿ 96 ಮಾಡುತ್ತದೆ. ಡಿಸ್ಕ್‌ನ ವಿನ್ಯಾಸ ಬೇರೆಯವರು ಬರೆದಿಟ್ಟದ್ದು, ಅದರ ಜೊತೆ ವಾದಿಸಿ ಫಲವಿಲ್ಲ. ಅಲ್ಲಿ ಪ್ಯಾಕ್ಡ್ ಬೇಕೇ ಬೇಕು. ಯುಎಸ್‌ಬಿ ಡಿಸ್ಕ್ರಿಪ್ಟರ್‌ಗಳ ಮಾತೂ ಅಷ್ಟೇ.

ಈಗ ಈಥರ್ನೆಟ್ ಹೆಡರ್ ನೋಡಿ. ತಲಾ 6 ಬೈಟಿನ ಎರಡು ವಿಳಾಸ, 2 ಬೈಟಿನ ಪ್ರೋಟೋಕಾಲ್ ಸಂಖ್ಯೆ, ಒಟ್ಟು 14. ಮುಚ್ಚಲು ಇಲ್ಲಿ ಪ್ಯಾಡಿಂಗಿನ ತೂತೇ ಇಲ್ಲ. ಆದರೂ ಅದರ ಕೊನೆಯಲ್ಲಿ ಪ್ಯಾಕ್ಡ್ ಕೂತಿದೆ. ಅದು ಮಾಡುವ ಕೆಲಸ ಒಂದೇ: ಸ್ಟ್ರಕ್ಟ್‌ನ ಅಲೈನ್‌ಮೆಂಟನ್ನು 2ರಿಂದ 1ಕ್ಕೆ ಇಳಿಸುವುದು. ಇದು ಬೆಸ ವಿಳಾಸದಲ್ಲೂ ಇದ್ದೀತು ಎಂದು ಕಂಪೈಲರ್‌ಗೆ ಹೇಳಿದಂತಾಯಿತು. ಎಕ್ಸ್86ನಲ್ಲಿ ಇದರಿಂದ ವ್ಯತ್ಯಾಸವೇನೂ ಇಲ್ಲ. ಸ್ಪಾರ್ಕ್‌ನಲ್ಲಿ ಮಾತ್ರ ಒಂದೇ ಸಲಕ್ಕೆ ಓದಬಹುದಾಗಿದ್ದ ಪ್ರೋಟೋಕಾಲ್ ಸಂಖ್ಯೆಯನ್ನು ಬೈಟು ಬೈಟಾಗಿ ಓದಿ ಜೋಡಿಸಬೇಕಾಗುತ್ತದೆ.

ಅದೇ ಪ್ಯಾಕೆಟ್ಟಿನಲ್ಲಿ ಅದರ ಬೆನ್ನಿಗೇ ಬರುವ 20 ಬೈಟಿನ ಐಪಿ ಹೆಡರ್‌ಗೆ ಪ್ಯಾಕ್ಡ್ ಇಲ್ಲ. ಅದರೊಳಗೆ 32 ಬಿಟ್‌ನ ಎರಡು ವಿಳಾಸಗಳಿವೆ; 4ರಿಂದ ಭಾಗವಾಗುವ ಜಾಗದಲ್ಲೇ ಹೆಡರ್ ಶುರುವಾಗುತ್ತದೆಂಬ ನಂಬಿಕೆಯ ಮೇಲೆ ಅದನ್ನು ಬರೆಯಲಾಗಿದೆ. ಆದರೆ 14 ಎಲ್ಲಿ 4ರಿಂದ ಭಾಗವಾಗುತ್ತದೆ? ಆ ನಂಬಿಕೆ ಉಳಿಸುವ ಹೊಣೆ ಡ್ರೈವರ್‌ನದು. ಬಫರ್ ಪಡೆದೊಡನೆ ಅದು ಮುಂದೆ 2 ಬೈಟ್ ಖಾಲಿ ಬಿಡುತ್ತದೆ. ಈಥರ್ನೆಟ್ ಹೆಡರ್ 2ರಿಂದ, ಐಪಿ ಹೆಡರ್ 16ರಿಂದ ಶುರು. ‘ನೆಟ್ ಐಪಿ ಅಲೈನ್’ ಎಂದು ಹೆಸರಿಟ್ಟಿರುವ ಈ ಎರಡು ಬೈಟುಗಳನ್ನು ಯಾರೂ ಹೊಗಳಿದ್ದು ನಾನು ಕಂಡಿಲ್ಲ. ತೊಂದರೆ ಹುಟ್ಟುವ ಜಾಗದಲ್ಲೇ ಅದನ್ನು ತೀರಿಸುವ ಕೆಲಸ ಇದು. ಇದಕ್ಕೂ ಬೆಲೆಯಿದೆ, ಅದನ್ನು ಬಚ್ಚಿಟ್ಟಿಲ್ಲ. ಅಲೈನ್‌ಮೆಂಟ್ ತಪ್ಪಿದ ವಿಳಾಸಕ್ಕೆ ಡಿಎಂಎ ಮಾಡುವುದು ದುಬಾರಿಯಾದ ಪವರ್‌ಪಿಸಿಯಲ್ಲಿ ಇದರ ಮೌಲ್ಯ 0. ಎಕ್ಸ್86ನಲ್ಲೂ 2010ರಿಂದ 0. ಯಾವ ಯಂತ್ರಕ್ಕೆ ಏನು ಬೇಕೆಂಬ ತೀರ್ಮಾನ ಒಂದು ಕಡೆ ಬರೆದಿದೆ, ಬೇಕಾದವರು ಓದಬಹುದು.

ಪ್ಯಾಕ್ಡ್ ಇದ್ಯಾವುದನ್ನೂ ಹೇಳುವುದಿಲ್ಲ. ಯಾವ ಫೀಲ್ಡ್ ತಪ್ಪಿದೆ, ಯಾವ ಯಂತ್ರದಲ್ಲಿ, ಬರೆದವರಿಗೆ ಬೇಕಿದ್ದದ್ದು ಪ್ಯಾಡಿಂಗ್ ತೆಗೆಯುವುದೋ ಅಲೈನ್‌ಮೆಂಟ್ ಇಳಿಸುವುದೋ, ಒಂದೂ ತಿಳಿಯದು. ಇನ್ನೂ ಕೆಟ್ಟದ್ದೆಂದರೆ, ಪ್ಯಾಕ್ಡ್ ಸ್ಟ್ರಕ್ಟ್‌ನ ಒಂದು ಫೀಲ್ಡ್‌ನ ವಿಳಾಸವನ್ನು ಸಾಮಾನ್ಯ ಪಾಯಿಂಟರ್‌ನಲ್ಲಿಟ್ಟು ಬೇರೆ ಫಂಕ್ಷನ್ನಿಗೆ ಕೊಟ್ಟರೆ, ಅಲ್ಲಿಗೆ ರಕ್ಷಣೆ ಮುಗಿಯಿತು. 2019ರಲ್ಲಿ ಜಿಸಿಸಿ 9 ಈ ಬಗ್ಗೆ ಎಚ್ಚರಿಸತೊಡಗಿತು. ಅದೇ ವರ್ಷ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ ಬಿಲ್ಡ್‌ನಲ್ಲಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದರು. ಎಚ್ಚರಿಕೆಗಳ ರಾಶಿಯಲ್ಲಿ ನಿಜವಾದದ್ದು ಕಳೆದುಹೋಗುತ್ತದೆಂಬ ವಾದ ನನಗೂ ಗೊತ್ತು. ಆದರೆ ರಾಶಿ ಬಿದ್ದದ್ದಾದರೂ ಏಕೆ?

‘ಎಕ್ಸ್86 ಎಲ್ಲವನ್ನೂ ಕ್ಷಮಿಸುತ್ತದೆ, ಆರ್ಮ್ ಕೂಡ ಕಲಿತಿದೆ, ಇನ್ನೇಕೆ ಈ ಚರ್ಚೆ’ ಎನ್ನುವವರಿದ್ದಾರೆ. ಆರನೇ ಆವೃತ್ತಿಗೂ ಮುಂಚಿನ ಆರ್ಮ್‌ಗಳು ತಪ್ಪು ವಿಳಾಸದಿಂದ ಓದಿದರೆ ದೂರು ಹೇಳದೆ ಬೈಟುಗಳನ್ನು ತಿರುಗಿಸಿ ಕೊಡುತ್ತಿದ್ದವು. ಹಳೆಯ ಕಥೆ, ಬಿಡಿ. ಕ್ಷಮಾಶೀಲ ಎಕ್ಸ್86ನ ಮಾತೇ ಆಡೋಣ. ಒಂದು ಅಟಾಮಿಕ್ ಕ್ರಿಯೆ 64 ಬೈಟಿನ ಎರಡು ಕ್ಯಾಶ್ ಲೈನುಗಳ ಗಡಿ ದಾಟಿತೆಂದರೆ ಇಡೀ ಬಸ್ಸಿಗೇ ಬೀಗ ಬೀಳುತ್ತದೆ, ಉಳಿದ ಕೋರ್‌ಗಳು ಕಾಯಬೇಕು. 2020ರ 5.7 ಆವೃತ್ತಿಯಿಂದ ಕರ್ನಲ್ ಇದನ್ನು ಪತ್ತೆಹಚ್ಚುತ್ತಿದೆ, 2022ರ 5.19ರಲ್ಲಿ ಹಾಗೆ ಮಾಡುವ ಪ್ರೋಗ್ರಾಮುಗಳನ್ನು ಬೇಕೆಂದೇ ನಿಧಾನಗೊಳಿಸತೊಡಗಿತು. ಇದು ಕ್ಷಮೆಯೇ?

ಎರಡನೆಯ ಗುಂಪಿನದು ಜಿಪುಣತನದ ಲೆಕ್ಕ. ಎರಿಕ್ ರೇಮಂಡ್ 2014ರಲ್ಲಿ ‘ದಿ ಲಾಸ್ಟ್ ಆರ್ಟ್ ಆಫ್ ಸ್ಟ್ರಕ್ಚರ್ ಪ್ಯಾಕಿಂಗ್’ ಬರೆದ ಮೇಲೆ ಈ ಗುಂಪಿಗೆ ಗ್ರಂಥವೊಂದು ಸಿಕ್ಕಂತಾಯಿತು. ಫೀಲ್ಡ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಬೈಟ್ ಉಳಿಸಿ ಎಂಬ ಅವರ ಪಾಠ ಸರಿಯೇ. ಆದರೆ ಈ ಕಲೆ ಕಳೆದುಹೋದದ್ದು ಯಾವಾಗ? ಸ್ಟ್ರಕ್ಟ್‌ಗಳ ತೂತುಗಳನ್ನು ತೋರಿಸುವ ‘ಪಹೋಲ್’ ಉಪಕರಣವನ್ನು ಆರ್ನಾಲ್ಡೊ ಕಾರ್ವಾಲ್ಹೊ ಡಿ ಮೆಲೊ 2007ರ ಒಟ್ಟಾವ ಲಿನಕ್ಸ್ ಸಮಾವೇಶದಲ್ಲೇ ವಿವರಿಸಿದ್ದರು. ರೇಮಂಡ್ ಕ್ಯಾಶ್ ಲೈನಿನ ಮಾತೆತ್ತುತ್ತಾರೆ, ಅದೂ ಬದಿಗೆ. ಕರ್ನಲ್‌ನಲ್ಲಾದರೋ ಬೇರೆ ಬೇರೆ ಸಿಪಿಯುಗಳು ಬರೆಯುವ ಫೀಲ್ಡ್‌ಗಳನ್ನು ದೂರವಿಡಲು ತೂತುಗಳನ್ನು ಬೇಕೆಂದೇ ಬಿಡುತ್ತಾರೆ. ಅಲ್ಲಿ ಉಳಿತಾಯವೇ ನಷ್ಟ.

ಹಾಗಾದರೆ ಮದ್ದೇನು? ಮೊದಲಿಂದಲೂ ಇದೆ: ‘ಗೆಟ್ ಅನ್‌ಅಲೈನ್ಡ್’. ಸ್ಟ್ರಕ್ಟ್‌ಗೆ ಕೈಹಾಕದೆ, ತಪ್ಪಿದ ಫೀಲ್ಡ್ ಓದುವ ಸಾಲಿನಲ್ಲೇ ಅದನ್ನು ಬರೆಯಬೇಕು. ಎಲ್ಲಿ ಎಡವಟ್ಟಿದೆಯೆಂದು ಓದುಗರಿಗೂ ಕಂಪೈಲರ್‌ಗೂ ತಿಳಿಯುತ್ತದೆ. ಅರ್ಂಡ್ ಬರ್ಗ್‌ಮನ್ 2021ರ 5.14ರಲ್ಲಿ ಇದರ ಬಗೆಬಗೆಯ ರೂಪಗಳನ್ನು ಒಂದು ಮಾಡಿದರು. ಅವರ ಆ ರೂಪದ ಒಳಗೆ ಕೂತಿದ್ದುದೂ ಪ್ಯಾಕ್ಡೇ, ಆದರೆ ಒಂದೇ ಫೀಲ್ಡಿನ ಪುಟ್ಟ ಸ್ಟ್ರಕ್ಟ್ ಮೇಲೆ. ಆ ಪದಕ್ಕೆ ತಕ್ಕ ಅಳತೆ ಅದು.

32 ಮತ್ತು 64 ಬಿಟ್‌ಗಳ ಜಗಳಕ್ಕೂ ಪ್ಯಾಕ್ಡ್ ಬೇಡ. ಸ್ಟ್ರಕ್ಟ್‌ನೊಳಗಿನ 64 ಬಿಟ್ ಸಂಖ್ಯೆಯನ್ನು ಐ386 4ಕ್ಕೆ, ಎಕ್ಸ್86-64 8ಕ್ಕೆ ಹೊಂದಿಸುತ್ತದೆ. 8ಕ್ಕೇ ಹೊಂದಿಸೆಂದು ಹೇಳುವ ಟೈಪ್ ಕರ್ನಲ್‌ನಲ್ಲಿದೆ. ಅದನ್ನು ಬಳಸಿ, ಪ್ಯಾಡಿಂಗನ್ನು ಫೀಲ್ಡ್ ಆಗಿಯೇ ಬರೆದರೆ ಸಾಕು.

ಪ್ಯಾಚ್ ಪರಿಶೀಲಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಇಡೀ ಸ್ಟ್ರಕ್ಟ್‌ಗೆ ಪ್ಯಾಕ್ಡ್ ಬಿದ್ದಿದ್ದರೆ ಎರಡು ಪ್ರಶ್ನೆ ಕೇಳಿ: ಈ ವಿನ್ಯಾಸ ಹೊರಗಿನಿಂದ ಬಂದದ್ದೇ? ತಪ್ಪಿರುವ ಫೀಲ್ಡ್ ಯಾವುದು? ಎರಡಕ್ಕೂ ಉತ್ತರವಿಲ್ಲದ ಪ್ಯಾಚನ್ನು ಹಿಂದಕ್ಕೆ ಕಳಿಸಿ.