ಆಟದ ಸ್ಟಿಯರಿಂಗ್ ಚಕ್ರ: ಕೈಗೆ ಬರುವ ಸುದ್ದಿ ನಿಜವೇ?

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ದಾಟಿ ಉತ್ತರಕ್ಕೆ ಸಾಗಿದರೆ, ಮಹಾರಾಷ್ಟ್ರದ ಗಡಿಗೆ ಮುನ್ನ ಕೊಗನೊಳ್ಳಿ ಸಿಗುತ್ತದೆ. ಅಲ್ಲಿಯ ಟೋಲ್ ನಾಕೆಯಲ್ಲಿ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರುಗಳನ್ನು ನೀವು ನೋಡಿರಬಹುದು. ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಾಗ ಒಮ್ಮೆ ಚಾಲಕನ ಕೈಗಳನ್ನು ಗಮನಿಸಿ. ಊರಿನ ರಸ್ತೆಯಿಂದ ಹೆದ್ದಾರಿಗೆ ಹೊರಳುವಾಗ ಆತ ಸ್ಟಿಯರಿಂಗ್ ಚಕ್ರವನ್ನು ಸುತ್ತಿನ ಮೇಲೆ ಸುತ್ತು ತಿರುಗಿಸುತ್ತಾನೆ. ತಿರುವು ಮುಗಿಯುತ್ತಿದ್ದಂತೆ ಹಿಡಿತ ಸಡಿಲಿಸುತ್ತಾನೆ. ಚಕ್ರ ಅಂಗೈಯೊಳಗೆ ಜಾರುತ್ತ ತಾನಾಗಿಯೇ ನೇರಕ್ಕೆ ಮರಳುತ್ತದೆ. ಅದೇ ಬಸ್ಸು ನಿಂತಿರುವಾಗ ಚಕ್ರವನ್ನು ತಿರುಗಿಸಿ ಬಿಟ್ಟರೆ ಅದು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ.

ಈ ಎರಡು ಅವಲೋಕನಗಳನ್ನು ನೆನಪಿನಲ್ಲಿಡಿ. ಕಂಪ್ಯೂಟರಿನ ಕಾರು ಓಟದ ಆಟಗಳಿಗೆಂದು ಮಾರುವ ಸ್ಟಿಯರಿಂಗ್ ಚಕ್ರಗಳನ್ನು ಅಳೆಯಲು ಇವೇ ಸಾಕು. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಇಂಥ ಚಕ್ರ ಬೇಕೆಂದು ಆಸೆಪಡುವವರು ಇದ್ದೇ ಇರುತ್ತಾರೆ. ಬೆಲೆ ಕೆಲವು ಸಾವಿರದಿಂದ ಹಿಡಿದು ಹತ್ತಾರು ಸಾವಿರ ರೂಪಾಯಿಯವರೆಗೆ. ಪೆಟ್ಟಿಗೆಯ ಮೇಲೆ ಎಲ್ಲವೂ 'ನೈಜ ಅನುಭವ' ಎಂದೇ ಹೇಳುತ್ತವೆ. ಈ ಮಾತು ಎಷ್ಟು ನಿಜ? ಹಣ ಕೊಡುವ ಮುನ್ನ ವಿಚಾರ ಮಾಡೋಣ.

ಚಕ್ರ ತಾನಾಗಿ ಮರಳುವುದೇಕೆ?

ಓಡುವ ವಾಹನದ ಮುಂದಿನ ಚಕ್ರ ತಿರುಗಿದಾಗ, ನೆಲಕ್ಕೆ ತಾಗಿರುವ ಟೈರಿನ ಭಾಗ ಪಕ್ಕಕ್ಕೆ ವಿರೂಪಗೊಳ್ಳುತ್ತದೆ. ಇದರಿಂದ ಹುಟ್ಟುವ ಪಾರ್ಶ್ವಬಲ ಟೈರಿನ ನಟ್ಟನಡುವೆ ವರ್ತಿಸದೆ, ಸ್ವಲ್ಪ ಹಿಂದಕ್ಕೆ ಸರಿದು ವರ್ತಿಸುತ್ತದೆ. ತಳ್ಳುಗಾಡಿಯ ಪುಟ್ಟ ಚಕ್ರಗಳು ತಾವಾಗಿಯೇ ಹಿಂದಕ್ಕೆ ಹೊರಳಿ ನೇರವಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಬಲ ಹಿಂದೆ, ತಿರುಗುವ ಅಕ್ಷ ಮುಂದೆ ಇರುವುದರಿಂದ ಒಂದು ತಿರುಚುಬಲ, ಅಂದರೆ ಟಾರ್ಕ್, ಉಂಟಾಗಿ ಚಕ್ರವನ್ನು ನೇರಕ್ಕೆ ತರುತ್ತದೆ. ವಾಹನ ನಿಂತಿದ್ದರೆ ಈ ಪಾರ್ಶ್ವಬಲವೇ ಇಲ್ಲ; ಆದ್ದರಿಂದ ಚಕ್ರವೂ ಮರಳುವುದಿಲ್ಲ.

ಇದಕ್ಕಿಂತ ಕುತೂಹಲಕರ ಸಂಗತಿ ಇನ್ನೊಂದಿದೆ. ತಿರುವು ಕಡಿದಾಗುತ್ತ ಹೋದಂತೆ ಈ ತಿರುಚುಬಲ ಒಂದು ಹಂತದವರೆಗೆ ಏರಿ ಅನಂತರ ಇಳಿಯುತ್ತದೆ. ಟೈರಿನ ಹಿಂಭಾಗ ಮೊದಲು ಜಾರಲು ತೊಡಗುವುದರಿಂದ ಪಾರ್ಶ್ವಬಲ ವರ್ತಿಸುವ ಬಿಂದು ಮುಂದಕ್ಕೆ ಸರಿಯುವುದೇ ಇದಕ್ಕೆ ಕಾರಣ. ಟೈರು ತನ್ನ ಹಿಡಿತವನ್ನು ಪೂರ್ತಿ ಕಳೆದುಕೊಳ್ಳುವ ಮುನ್ನವೇ ಸ್ಟಿಯರಿಂಗ್ ಹಗುರಾಗುತ್ತದೆ. ಅನುಭವಿ ಚಾಲಕ 'ಗಾಡಿ ಜಾರುತ್ತದೆ' ಎಂದು ಮೊದಲು ತಿಳಿಯುವುದು ಕೈಯಿಂದ. ಆಟದ ಮುಂದೆ ಕುಳಿತವನಿಗಂತೂ ದೇಹವನ್ನು ಪಕ್ಕಕ್ಕೆ ತಳ್ಳುವ ಬಲ ಇಲ್ಲ, ಒಳಗಿವಿಗೆ ಯಾವ ಚಲನೆಯೂ ತಿಳಿಯದು. ಕಣ್ಣು ಕಿವಿಗಳನ್ನು ಬಿಟ್ಟರೆ ಅವನಿಗೆ ಉಳಿದಿರುವ ಮುಖ್ಯ ಇಂದ್ರಿಯ ಕೈ ಒಂದೇ.

ಸ್ಪ್ರಿಂಗ್ ಹೇಳುವ ಸುಳ್ಳು

ಅಗ್ಗದ ಚಕ್ರಗಳಲ್ಲಿ ಮರಳಿಸುವ ಕೆಲಸ ಮಾಡುವುದು ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ. ಹುಕ್‌ನ ನಿಯಮ ನಿಮಗೆ ಗೊತ್ತು: ಹೆಚ್ಚು ಎಳೆದಷ್ಟೂ ಹೆಚ್ಚು ಬಲ. ಆಟದ ಕಾರು ನಿಂತಿರಲಿ, ಓಡುತ್ತಿರಲಿ, ಕೆಸರಿನಲ್ಲಿ ಜಾರುತ್ತಿರಲಿ, ಗಾಳಿಯಲ್ಲೇ ಹಾರಿರಲಿ, ಸ್ಪ್ರಿಂಗ್ ಹೇಳುವುದು ಒಂದೇ ಮಾತು. ನಿಜವಾದ ಸ್ಟಿಯರಿಂಗ್ ಹಗುರಾಗಬೇಕಾದ ಗಳಿಗೆಯಲ್ಲಿ ಇದು ಇನ್ನಷ್ಟು ಬಿಗಿಯಾಗುತ್ತದೆ. ಮಾಹಿತಿ ಇಲ್ಲದಿರುವುದು ಒಂದು ಕೊರತೆ. ತಪ್ಪು ಮಾಹಿತಿ ಕೊಡುವುದು ಅದಕ್ಕಿಂತ ದೊಡ್ಡ ದೋಷ.

ಕೆಲವು ಅಗ್ಗದ ಚಕ್ರಗಳ ಪೆಟ್ಟಿಗೆಯಲ್ಲಿ 'ಕಂಪನ' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಇದು ಮೊಬೈಲ್ ಫೋನು ಗುಂಯ್‌ಗುಟ್ಟುವಂಥದ್ದೇ: ಸಮತೋಲವಿಲ್ಲದ ತೂಕವೊಂದನ್ನು ಪುಟ್ಟ ಮೋಟಾರು ಗಿರಗಿರನೆ ತಿರುಗಿಸುತ್ತದೆ. ಅದು ಚಕ್ರವನ್ನು ಎಡಕ್ಕೋ ಬಲಕ್ಕೋ ಎಳೆಯಲಾರದು. ಫೋರ್ಸ್ ಫೀಡ್‌ಬ್ಯಾಕ್, ಅಂದರೆ ಬಲದ ಮರುಸೂಚನೆ, ಬೇರೆಯೇ ವಿಷಯ. ಇಲ್ಲಿ ಆಟದ ತಂತ್ರಾಂಶ ಟೈರಿನ ಬಲಗಳನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಚಕ್ರದೊಳಗಿನ ಮೋಟಾರು ಆ ಬಲವನ್ನು ಕೈಗೆ ಮುಟ್ಟಿಸುತ್ತದೆ. 1989ರಲ್ಲಿ ಅಟಾರಿ ಕಂಪನಿಯ 'ಹಾರ್ಡ್ ಡ್ರೈವಿನ್' ಎಂಬ ಆಟದ ಯಂತ್ರದಲ್ಲೇ ಇಂಥ ಮೋಟಾರು ಇತ್ತು. ಇಂದು ಕಂಪ್ಯೂಟರಿನಲ್ಲಿ ಆಡುವ ಯೂರೋ ಟ್ರಕ್ ಸಿಮ್ಯುಲೇಟರ್-2 (2012), ಅಸೆಟ್ಟೊ ಕೋರ್ಸಾ (2014) ಮೊದಲಾದವು ಈ ಬಲವನ್ನು ಕಳುಹಿಸುತ್ತವೆ. ಪಡೆಯುವ ಮೋಟಾರು ಇಲ್ಲದಿದ್ದರೆ ಅವು ಕಳುಹಿಸಿದ್ದು ವ್ಯರ್ಥ.

ಅಂಗಡಿಯಲ್ಲೇ ಪರೀಕ್ಷೆ

ಮೋಟಾರು ನಿಜವಾಗಿ ಇದೆಯೇ ಎಂದು ತಿಳಿಯುವುದು ಸುಲಭ. ಪೆಟ್ಟಿಗೆಯಲ್ಲಿ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇದೆಯೇ ನೋಡಿ. ಏಕೆ? ಹಳೆಯ ಬಗೆಯ ಯುಎಸ್‌ಬಿ ಕಿಂಡಿ 5 ವೋಲ್ಟ್‌ನಲ್ಲಿ 0.5 ಆಂಪಿಯರ್ ಕೊಡುತ್ತದೆ, ಅಂದರೆ 2.5 ವ್ಯಾಟ್. ಚಕ್ರವನ್ನು 2 ನ್ಯೂಟನ್-ಮೀಟರ್ ತಿರುಚುಬಲದಿಂದ ಸೆಕೆಂಡಿಗೆ ಒಂದು ಸುತ್ತು ತಿರುಗಿಸಲು ಬೇಕಾದ ಸಾಮರ್ಥ್ಯ 2 × 6.28, ಅಂದರೆ ಸುಮಾರು 12.6 ವ್ಯಾಟ್. ಎರಡೂವರೆ ವ್ಯಾಟ್‌ನಲ್ಲಿ ಹನ್ನೆರಡೂವರೆ ವ್ಯಾಟ್ ಕೆಲಸ ಮಾಡಿಸಲು ಶಕ್ತಿ ಸಂರಕ್ಷಣಾ ನಿಯಮ ಬಿಡುವುದಿಲ್ಲ.

ಎರಡನೆಯ ಪರೀಕ್ಷೆ: ಎಲ್ಲ ತಂತಿಗಳನ್ನೂ ಕಳಚಿ, ಚಕ್ರವನ್ನು ತಿರುಗಿಸಿ ಬಿಡಿ. ಅದು ರಭಸದಿಂದ ನಡುವಿಗೆ ಹಾರಿದರೆ ಒಳಗಿರುವುದು ಸ್ಪ್ರಿಂಗ್. ಬಿಟ್ಟಲ್ಲೇ ನಿಂತರೆ ಮೋಟಾರು. ನಿಂತ ಬಸ್ಸಿನ ಚಕ್ರ ನೆನಪಿದೆಯಲ್ಲವೇ?

ಮೋಟಾರಿನ ಚಕ್ರಗಳಲ್ಲಿಯೂ ಮೂರು ಬಗೆ. ಲಾಜಿಟೆಕ್ ಜಿ29 (2015) ಹಲ್ಲುಚಕ್ರಗಳ ಮೂಲಕ ಬಲ ಕೊಡುತ್ತದೆ. ಇದು ಗಟ್ಟಿ, ಆದರೆ ಹಲ್ಲುಗಳ ಸದ್ದು ಮತ್ತು ಸಣ್ಣ ತಡವರಿಕೆ ಕೈಗೆ ತಿಳಿಯುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300 (2014) ಪಟ್ಟಿ ಬಳಸುತ್ತದೆ, ನಯ ಹೆಚ್ಚು. ಮೂರನೆಯದರಲ್ಲಿ ಚಕ್ರ ನೇರವಾಗಿ ಮೋಟಾರಿನ ಅಕ್ಷಕ್ಕೇ ಜೋಡಣೆಯಾಗಿರುತ್ತದೆ. ನಡುವೆ ಮಾತು ತಿರುಚುವವರಿಲ್ಲ. 2021ರಲ್ಲಿ ಬಂದ ಫ್ಯಾನಾಟೆಕ್ ಸಿಎಸ್‌ಎಲ್ ಡಿಡಿ ಈ ಬಗೆಯದು. ಅದರ ಬಲ 5 ನ್ಯೂಟನ್-ಮೀಟರ್. ಹೆಚ್ಚು ವ್ಯಾಟ್‌ನ ಅಡಾಪ್ಟರ್ ಕೊಂಡು ಹಾಕಿದರೆ ಅದೇ ಮೋಟಾರು 8 ಕೊಡುತ್ತದೆ. ಮೇಲಿನ ಸಾಮರ್ಥ್ಯದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾಗೆಂದು ಅತಿ ಬಲಕ್ಕೆ ಮರುಳಾಗಬೇಡಿ. ಜಿ29ರ ಬಲ ಸುಮಾರು 2 ನ್ಯೂಟನ್-ಮೀಟರ್. ಚಕ್ರದ ತ್ರಿಜ್ಯ 14 ಸೆಂಟಿಮೀಟರ್ ಎಂದುಕೊಂಡರೆ ಅಂಚಿನಲ್ಲಿ 14 ನ್ಯೂಟನ್, ಅಂದರೆ ಸುಮಾರು ಒಂದೂವರೆ ಕಿಲೋ ತೂಕದಷ್ಟು. ಪವರ್ ಸ್ಟಿಯರಿಂಗ್ ಇರುವ ಸಾಧಾರಣ ಕಾರು ಓಡುವಾಗ ಕೈಗೆ ಬರುವುದೂ ಕೆಲವೇ ನ್ಯೂಟನ್-ಮೀಟರ್. 8 ನ್ಯೂಟನ್-ಮೀಟರಿನ ಚಕ್ರಕ್ಕೆ ಅಲುಗಾಡದ ಮೇಜೂ ಬೇಕು, ಹೆಬ್ಬೆರಳಿನ ಬಗ್ಗೆ ಎಚ್ಚರವೂ ಬೇಕು. ದುರಸ್ತಿಯ ವಿಚಾರವನ್ನೂ ಮರೆಯಬೇಡಿ. ಫ್ಯಾನಾಟೆಕ್‌ನ ಮಾತೃಸಂಸ್ಥೆ ಎಂಡೋರ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, ಕೋರ್ಸೇರ್ ಕಂಪನಿ ಅದನ್ನು ಕೊಂಡಿತು. ಹೆಸರು ದೊಡ್ಡದೆಂಬ ಕಾರಣಕ್ಕೆ ಬಿಡಿಭಾಗ ನಿಪ್ಪಾಣಿಯಲ್ಲೋ ಬೆಳಗಾವಿಯಲ್ಲೋ ಸಿಕ್ಕೀತೆಂದು ಎಣಿಸಬಾರದು.

270 ಡಿಗ್ರಿಯೋ, 900 ಡಿಗ್ರಿಯೋ?

ಅಗ್ಗದ ಚಕ್ರಗಳು ಒಂದು ತುದಿಯಿಂದ ಇನ್ನೊಂದಕ್ಕೆ 180 ಅಥವಾ 270 ಡಿಗ್ರಿ ಮಾತ್ರ ತಿರುಗುತ್ತವೆ. 900 ಡಿಗ್ರಿ ಎಂದರೆ ಎರಡೂವರೆ ಸುತ್ತು. ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಆಟದ ಕಾರಿನ ಮುಂದಿನ ಚಕ್ರಗಳು ಒಟ್ಟು 60 ಡಿಗ್ರಿ ತಿರುಗುತ್ತವೆ ಎಂದಿಟ್ಟುಕೊಳ್ಳಿ. 900 ಡಿಗ್ರಿಯ ಚಕ್ರದಲ್ಲಿ ಕೈ 1 ಡಿಗ್ರಿ ಅಲುಗಿದರೆ ಮುಂದಿನ ಚಕ್ರ 0.067 ಡಿಗ್ರಿ ತಿರುಗುತ್ತದೆ, 270ರಲ್ಲಿ 0.22 ಡಿಗ್ರಿ. ಕಾರಿನ ಮುಂದಿನ ಹಿಂದಿನ ಅಚ್ಚುಗಳ ನಡುವೆ 2.4 ಮೀಟರ್, ವೇಗ ಗಂಟೆಗೆ 80 ಕಿಲೋಮೀಟರ್ ಇದ್ದರೆ, ಒಂದು ಸೆಕೆಂಡಿನಲ್ಲಿ ಕಾರು ಪಕ್ಕಕ್ಕೆ ಸರಿಯುವುದು ಮೊದಲನೆಯದರಲ್ಲಿ ಸುಮಾರು 12 ಸೆಂಟಿಮೀಟರ್, ಎರಡನೆಯದರಲ್ಲಿ 40 ಸೆಂಟಿಮೀಟರ್. 'ಕಾರು ನೇರವಾಗಿ ಹೋಗುವುದೇ ಇಲ್ಲ' ಎಂದು ಹುಡುಗರು ದೂರುವುದು ಇದಕ್ಕೇ. ತಪ್ಪು ಅವರ ಕೈಯದಲ್ಲ.

ಆದರೂ 270 ಡಿಗ್ರಿ ಎಲ್ಲ ಕಡೆಯೂ ತಪ್ಪೆನ್ನುವಂತಿಲ್ಲ. ಕೊಗನೊಳ್ಳಿಯಿಂದ ಗಡಿಯಾಚೆ ಕೊಲ್ಹಾಪುರಕ್ಕೆ ಹೋದರೆ ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟಿಂಗ್ ಪಥವಿದೆ. ಅಂಥ ಪುಟ್ಟ ಕಾರ್ಟ್‌ಗಳಲ್ಲಿ ಸ್ಟಿಯರಿಂಗ್ ಹೆಚ್ಚುಕಡಿಮೆ ನೇರ ಜೋಡಣೆ. ಅರ್ಧ ಸುತ್ತಿನೊಳಗೇ ಎಲ್ಲ ತಿರುವೂ ಮುಗಿಯುತ್ತದೆ. ನೀವು ಆಡುವುದು ಕಾರ್ಟ್ ಓಟವೋ, ಕಾರೋ, ಟ್ರಕ್ಕೋ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. 900 ಡಿಗ್ರಿಯ ಚಕ್ರವನ್ನು ತಂತ್ರಾಂಶದಲ್ಲಿ 270ಕ್ಕೆ ಇಳಿಸಬಹುದು, 270ರದನ್ನು ಏರಿಸಲಾಗದು.

ಕೋನವನ್ನು ಅಳೆಯುವ ಸಂವೇದಕದ ಬಗ್ಗೆಯೂ ಕೇಳಿ. ಪೊಟೆನ್ಶಿಯೊಮೀಟರಿನಲ್ಲಿ ಲೋಹದ ತುದಿ ರೋಧಕ ಪಟ್ಟಿಯ ಮೇಲೆ ಉಜ್ಜುತ್ತದೆ. ಸವೆದು ದೂಳು ಸೇರಿದರೆ ಕಾರು ತಾನಾಗಿ ತಟಪಟಿಸುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ಹಾಲ್ ಸಂವೇದಕದಲ್ಲಿ ಉಜ್ಜುವಿಕೆಯೇ ಇಲ್ಲ. ಅಯಸ್ಕಾಂತದ ಕ್ಷೇತ್ರವನ್ನು ಅದು ದೂರದಿಂದಲೇ ಓದುತ್ತದೆ.

ಬ್ರೇಕ್ ಪೆಡಲನ್ನು ಮರೆಯಬೇಡಿ

ಚಕ್ರದ ಅಂದ ನೋಡಿ ಪೆಡಲುಗಳನ್ನು ಕಡೆಗಣಿಸುವವರೇ ಹೆಚ್ಚು. ನಿಜವಾದ ಬ್ರೇಕಿನಲ್ಲಿ ಪೆಡಲು ಕೆಳಗೆ ಚಲಿಸುವ ದೂರ ಕಡಿಮೆ. ನಾವು ನಿಯಂತ್ರಿಸುವುದು ಒತ್ತಡವನ್ನು. ಅಗ್ಗದ ಪೆಡಲು ಅಳೆಯುವುದು ದೂರವನ್ನು, ಉತ್ತಮವಾದದ್ದು ಬಲವನ್ನು. ಬಲ ಅಳೆಯುವ ಲೋಡ್‌ಸೆಲ್ ನಿಮಗೆ ಹೊಸದೇನಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಸಕ್ಕರೆ ಕಾರ್ಖಾನೆಗಳ ಇಲೆಕ್ಟ್ರಾನಿಕ್ ತೂಕದ ಕಟ್ಟೆಯಲ್ಲಿ ಕಬ್ಬಿನ ಗಾಡಿ ತೂಗುವುದೂ ಇದೇ ತತ್ತ್ವದ ಮೇಲೆ: ಲೋಹ ಅತ್ಯಲ್ಪ ಬಾಗುತ್ತದೆ, ಅದಕ್ಕೆ ಅಂಟಿಸಿದ ತಂತಿಯ ರೋಧ ಬದಲಾಗುತ್ತದೆ, ವೀಟ್‌ಸ್ಟನ್ ಸೇತುವೆ ಆ ಬದಲಾವಣೆಯನ್ನು ಅಳೆಯುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರೇ, ಯಾರದಾದರೂ ಚಕ್ರ ಸಿಕ್ಕರೆ ಅದರ ಅಂಚಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ. ಸ್ಪರ್ಶರೇಖೆಯ ದಿಕ್ಕಿನಲ್ಲಿ ಎಳೆದು 10, 20, 30 ಡಿಗ್ರಿಗಳಲ್ಲಿ ಬಲವನ್ನು ಗುರುತಿಸಿಕೊಳ್ಳಿ. ತ್ರಿಜ್ಯದಿಂದ ಗುಣಿಸಿ ನಕ್ಷೆ ಬರೆಯಿರಿ. ಸ್ಪ್ರಿಂಗ್ ಚಕ್ರದ ನಕ್ಷೆ ಸದಾ ಏರುತ್ತಲೇ ಹೋಗುತ್ತದೆ. ಮೋಟಾರಿನ ಚಕ್ರವಾದರೆ, ಆಟದ ವಾಹನ ನಿಂತಿರುವಾಗ ಒಮ್ಮೆ, ಸಮವೇಗದಲ್ಲಿ ಓಡುವಾಗ ಒಮ್ಮೆ ಅಳೆಯಿರಿ. ಎರಡು ನಕ್ಷೆಗಳು ಬೇರೆಬೇರೆ ಬರಬೇಕು. ಬರದಿದ್ದರೆ ತಂತ್ರಾಂಶದಲ್ಲಿ 'ನಡುವಿಗೆಳೆಯುವ ಸ್ಪ್ರಿಂಗ್' ಎಂಬ ಆಯ್ಕೆ ಚಾಲೂ ಇದೆಯೇ ನೋಡಿ, ಸೊನ್ನೆಗೆ ಇಳಿಸಿ. ದುಬಾರಿ ಮೋಟಾರನ್ನು ಕೊಂಡು ಅದರಿಂದ ಸ್ಪ್ರಿಂಗಿನ ನಟನೆ ಮಾಡಿಸುವವರೂ ಇದ್ದಾರೆ!

ಇಷ್ಟೆಲ್ಲ ಸರಿಯಿದ್ದರೆ ಆಟದಿಂದ ಚಾಲನೆ ಕಲಿಯಬಹುದೇ? ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ 2011ರಲ್ಲಿ ಆಟಗಾರರಿಗೆಂದೇ ಏರ್ಪಟ್ಟ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು, 2013ರಲ್ಲಿ ಲ ಮಾನ್ ಓಟದಲ್ಲಿ ಕಾರು ಓಡಿಸಿದರು. ಆದರೆ ನಡುವೆ ನಿಜವಾದ ಕಾರಿನಲ್ಲಿ ಕಠಿಣ ತರಬೇತಿ ಇತ್ತು. ನಮ್ಮ ದೇಶದಲ್ಲಿಯೂ 2021ರ ನಿಯಮಗಳು ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಬೇಕೆನ್ನುತ್ತವೆ, ಜೊತೆಗೆ ನಿಜವಾದ ಪಥವೂ ಇರಬೇಕೆನ್ನುತ್ತವೆ. ಆಟದಲ್ಲಿ ಡಿಕ್ಕಿಯಾದರೆ ಒಂದು ಗುಂಡಿ ಒತ್ತಿ ಮತ್ತೆ ಶುರುಮಾಡಬಹುದು. ಕೊಗನೊಳ್ಳಿಯ ಹೆದ್ದಾರಿಯಲ್ಲಿ ಆ ಗುಂಡಿ ಇಲ್ಲ. ಆಟ ಚೆನ್ನಾಗಿ ಬರುತ್ತದೆಂದು ಹದಿನೈದರ ಹುಡುಗನ ಕೈಗೆ ಕಾರಿನ ಕೀಲಿ ಕೊಟ್ಟರೆ, 2019ರ ಮೋಟಾರು ವಾಹನ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಕಳೆದುಹೋದ ಜೀವದ ಮುಂದೆ ಅದೂ ದೊಡ್ಡದಲ್ಲ.

ನಮ್ಮ ಸಲಹೆ ಇಷ್ಟು. ಪುಟ್ಟ ಮಕ್ಕಳಿಗೆ ಬರೀ ತಿರುಗಿಸುವ ಖುಷಿ ಬೇಕಿದ್ದರೆ ಸ್ಪ್ರಿಂಗ್ ಚಕ್ರ ಸಾಕು. ಅದನ್ನು ಆಟಿಕೆಯೆಂದೇ ಕೊಳ್ಳಿ. ಚಾಲನೆಯ ಭೌತವಿಜ್ಞಾನ ಕೈಗೆ ತಿಳಿಯಬೇಕೆಂದಿದ್ದರೆ ಮೋಟಾರು, 900 ಡಿಗ್ರಿ, ಗಟ್ಟಿ ಬ್ರೇಕ್ ಪೆಡಲು, ಈ ಮೂರಕ್ಕಿಂತ ಕಡಿಮೆಗೆ ಒಪ್ಪಬೇಡಿ. ಅಷ್ಟು ಹಣ ಇಲ್ಲದಿದ್ದರೆ ಸಾಧಾರಣ ಗೇಮ್‌ಪ್ಯಾಡಿನಲ್ಲೇ ಆಡಿ. ಅದು ಸ್ಟಿಯರಿಂಗ್ ಎಂದು ಸೋಗು ಹಾಕುವುದಿಲ್ಲ. ಹಣ ಕೂಡಿದ ಮೇಲೆ ಕೈ ಬದಲಾದ ಮೋಟಾರಿನ ಚಕ್ರ ಸಿಕ್ಕರೂ ಸರಿಯೇ. ಹೊಸದಿರಲಿ ಹಳೆಯದಿರಲಿ, ಹಣ ಎಣಿಸುವ ಮುನ್ನ ತಂತಿ ಕಳಚಿ, ಚಕ್ರ ತಿರುಗಿಸಿ, ಕೈ ಬಿಟ್ಟು ನೋಡಿ.